ಯಾವ ನೆಂಟರು ಬಂದರು?

ಎಡಿಸನ್, ನ್ಯೂಜೆರ್ಸಿ
ಫೆಬ್ರುವರಿ ೯, ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ವಾಕಿಂಗ್ ತಪ್ಪಿಸುತ್ತಿಲ್ಲ ಎಂದು ಫೋನಿನಲ್ಲಿ ಹೇಳುತ್ತೀರಿ, ನನಗೆ ಪೂರ್ತಿ ನಂಬಿಕೆಯಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಫೋನಿನಲ್ಲಿ ಹೇಳಲಾಗದ್ದೊಂದಿದೆ, ಅದಕ್ಕೇ ಈ ಕಾಗದ.

ಸಿರಿಯ ಶಾಲೆಯಲ್ಲಿ ಈ ತಿಂಗಳು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಪಾಠ. ಪಠ್ಯಪುಸ್ತಕ ಬದಿಗಿಟ್ಟು ಆ ಕಾಲದ ಅಸಲಿ ಕಾಗದಗಳನ್ನೇ ಓದಿಸುತ್ತಾರೆ. ಬರೆದವರು ಯಾರು, ಯಾರಿಗೆ, ಹೇಳದೆ ಬಿಟ್ಟದ್ದೇನು ಎಂದು ಮಕ್ಕಳು ಪ್ರತಿಯೊಂದಕ್ಕೂ ಕೇಳಬೇಕಂತೆ. ಹನ್ನೆರಡು ವರ್ಷದವರಿಗೆ ಈ ಪೊಲೀಸರ ಕೆಲಸ ಯಾಕೆ ಎಂದು ನನಗೆ ಮೊದಲೇ ಅನುಮಾನ. ಈಗ ಆ ಟೀಚರ್ ಮನೆಯಿಂದ ಒಂದು ಹಳೆಯ ಕಾಗದ ತನ್ನಿ ಅಂದಿದ್ದಾರೆ. ನಮ್ಮ ಮನೆಯ ಕಾಗದ ಅವರಿಗೇಕೆ?

ಸಿರಿ ನಮ್ಮ ಅಮ್ಮನ ಸಾರಿನಪುಡಿ ಅಳತೆಯ ನೋಟ್‌ಬುಕ್ ಕೇಳಿದಳು, ನಾನೂ ಯೋಚಿಸದೆ ಕೊಟ್ಟೆ. ಕೊನೆಯ ಹಾಳೆಯಲ್ಲಿ ನಿಮ್ಮ ಪತ್ರದ ಕರಡು! ನಮ್ಮ ಔಟ್‌ಹೌಸ್ ಬಾಡಿಗೆಗೆ ಕೇಳಿದ್ದರಲ್ಲ, ನನಗೆ ಕನ್ನಡ ಕಲಿಸುತ್ತಿದ್ದ ಜವರಮ್ಮ ಟೀಚರ್, ಅವರಿಗೆ ಬರೆದದ್ದು. “ಮುಂದಿನ ತಿಂಗಳು ನಮ್ಮ ನೆಂಟರು ಬರುವವರಿದ್ದಾರೆ, ಮನೆ ಕೊಡಲಾಗುವುದಿಲ್ಲ, ಕ್ಷಮಿಸಿ.” ಭಾನುವಾರದ ಕನ್ನಡ ಕ್ಲಾಸಿಗೆ ಕಳಿಸಿದ ತಪ್ಪಿಗೆ ಅಕ್ಷರ ಕೂಡಿಸಿ ಓದಿಯೇಬಿಟ್ಟಳು. “ಸೋ, ಹೂ ಕೇಮ್, ಅಮ್ಮಾ? ಯಾವ ನೆಂಟರು ಬಂದ್ರು?” ಕಪ್ಪು ಕುಟುಂಬವೊಂದಕ್ಕೆ ಮನೆಯ ಮಾಲೀಕ ಬರೆದ ಪತ್ರವನ್ನು ಕ್ಲಾಸಿನಲ್ಲಿ ಓದಿದ್ದರಂತೆ. ಮನೆ ಈಗಷ್ಟೇ ಬೇರೆಯವರಿಗೆ ಹೋಯಿತು, ಕ್ಷಮಿಸಿ ಎಂದಿತ್ತಂತೆ ಅದರಲ್ಲಿ.

ಯಾರೋ ಚಿಕ್ಕಪ್ಪ ಬಂದಿದ್ದರು ಅಂದೆ. ಹೆಸರು ಕೇಳಿದಳು. ಅಂದಿನಿಂದ ನನ್ನ ಮುಖವನ್ನೂ ಕಾಗದದ ಹಾಗೆ ಓದುತ್ತಾಳೆ. ನಿನ್ನೆಯಿಂದ ಫ್ರಿಜ್ಜಿನ ಮೇಲಿದ್ದ ನನ್ನ ದಿನಸಿ ಚೀಟಿ ಕಾಣುತ್ತಿಲ್ಲ. ಅವಳೇ ತೆಗೆದಿರಬೇಕು. ಶುಕ್ರವಾರ ನೋಟ್‌ಬುಕ್ ಕ್ಲಾಸಿಗೆ ಹೋಗಬೇಕು. ಕೊಡುವುದಿಲ್ಲ ಅಂದರೆ ಮುಂದೆ ನನ್ನ ಯಾವ ಮಾತನ್ನು ನಂಬುತ್ತಾಳೆ? ಭಯವಾಗುತ್ತದೆ ಅಪ್ಪಾ.

ಮಾತ್ರೆ ಮರೆಯಬೇಡಿ. ಸಿರಿ ತಾತನಿಗೆ ನಮಸ್ಕಾರ ಹೇಳಿದ್ದಾಳೆ, ಅದರಲ್ಲಿ ಬೇರೇನೂ ಇರಲಿಕ್ಕಿಲ್ಲ.

ನಿಮ್ಮ
ವಿಜಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸಿರಿ ಚೀಟಿಯನ್ನೂ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು ನನ್ನೆದುರು ನಿಂತಳು. ಚೀಟಿಯ ‘ಬೇಳೆ’ಯಲ್ಲೂ ಪತ್ರದ ‘ತಿಂಗಳು’ ಪದದಲ್ಲೂ ಅದೇ ಉದ್ದ ಬಾಲದ ಳ. ತಾತ ಹೇಳಿ ಬರೆಸಿದರು, ಕರಡನ್ನೂ ಪತ್ರವನ್ನೂ ಎಂಟನೇ ಕ್ಲಾಸಿನಲ್ಲಿದ್ದ ನಾನೇ ಬರೆದೆ, ಟೀಚರ ಜಾತಿ ತಿಳಿದು ಮನೆ ಕೊಡಲಿಲ್ಲ, ನೆಂಟರು ಯಾರೂ ಬರಲಿಲ್ಲ ಎಂದು ಹೇಳಿಬಿಟ್ಟೆ. ಶುಕ್ರವಾರ ಒಯ್ಯಲಿ. ನಿಮಗೆ ಇಷ್ಟು ವರ್ಷ ಹೇಳದ್ದು ಒಂದಿದೆ. ನನ್ನ ಅಕ್ಷರ ತಿದ್ದಿದವರೇ ಜವರಮ್ಮ ಟೀಚರ್. ಪತ್ರ ತಲುಪಿದ ಮರುದಿನ ಅವರು ನನ್ನ ಕಾಪಿ ಪುಸ್ತಕ ತೆರೆದು ಬಹಳ ಹೊತ್ತು ನೋಡಿದರು. ಆಮೇಲೆ ಎಂದಿನಂತೆ ಕೆಂಪು ಶಾಯಿಯಲ್ಲಿ ‘ಚೆನ್ನಾಗಿದೆ’ ಎಂದು ಬರೆದು ಕೈಗೆ ಕೊಟ್ಟರು.