ಕಪ್ಪು ಪಟ್ಟಿ

ತಮ್ಮಾ,

ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ನೋಡಿ ನಗಲು ನೀನಿಲ್ಲ, ಆದರೂ ಬರೆಯುತ್ತೇನೆ.

ಇಂದು ಸೈನ್ಯದ ವೈದ್ಯರು ನಮ್ಮೂರ ಆಸ್ಪತ್ರೆಯವರಿಗೆ ದೊಡ್ಡ ಅನಾಹುತದ ಅಣಕು ತಾಲೀಮು ಮಾಡಿಸಿದರು. ಊರಿನ ಕೆಲವರ ಜೊತೆ ನಾನೂ ಗಾಯಾಳುವಿನ ಪಾತ್ರ ಹಾಕಿ ಮಲಗಿದ್ದೆ. ನರ್ಸ್ ಹುಡುಗಿಯೊಬ್ಬಳು ನನ್ನ ಕೈಗೆ ಕಪ್ಪು ಪಟ್ಟಿ ಕಟ್ಟಿದಳು. ಬದುಕಿ ಉಳಿಯದವರಿಗೆ ಕಪ್ಪು. ಉಳಿಯುವವರನ್ನು ಮೊದಲು ನೋಡಬೇಕು, ಇವರ ಬಳಿ ನಿಲ್ಲಬಾರದಂತೆ.

"ನಾನಿನ್ನೂ ಗುಂಡುಕಲ್ಲಿನ ಹಾಗಿದ್ದೀನಲ್ಲಮ್ಮ!" ಎಂದೆ.

"ಸತ್ತೋರು ಮಾತಾಡಬಾರ್ದು ಅಜ್ಜಿ," ಎಂದು ನಕ್ಕು, ಹೊದಿಕೆಯನ್ನು ಪಾದದವರೆಗೆ ಎಳೆದಳು.

"ಅಲ್ಲೇನ್ ಮಾಡ್ತಿದೀಯಾ? ಮುಂದೆ ನಡಿ!" ಎಂದು ಸೈನ್ಯದ ವೈದ್ಯರು ಗದರಿದರು.

ಯುದ್ಧದಲ್ಲಿ ನಿನಗೂ ಕಪ್ಪನ್ನೇ ಕಟ್ಟಿದ್ದರೆಂದು ನಿನ್ನ ಗೆಳೆಯ ಹೇಳಿದ್ದ. ಹೊದಿಸಲು ಯಾರಾದರೂ ನಿಂತರೇ ಎಂದು ನಾನು ಕೇಳಲಿಲ್ಲ.

ಸೀಟಿ ಊದಿದರು. ಸತ್ತವರೆಲ್ಲ ಮೈ ಕೊಡವಿಕೊಂಡು ಎದ್ದರು. ನನ್ನ ಪಕ್ಕದ ಹಾಸಿಗೆ ಮೊದಲಿನಿಂದಲೂ ಖಾಲಿಯಿತ್ತು. ಅದರತ್ತ ಕೈ ಚಾಚಿ, "ಏಳೋ, ಮುಗೀತಂತೆ," ಎಂದೆ.

ನಿನ್ನ ಅಕ್ಕ