ಸೋಮವಾರದ ಮಣ್ಣು

ನೇಸರಗಿ,
೧೪ ನವೆಂಬರ್ ೨೦೨೪, ಗುರುವಾರ

ಮುದ್ದಿನ ಮೊಮ್ಮಗಳು ಶೀತಲಗ,

ನಮ್ಮ ಬಾವಿಗೆ ಬೆಂಕಿ ಬಿದ್ದೈತಿ. ಮೋಟರು, ಪೈಪು, ಕಟ್ಟಿ ಮ್ಯಾಲಿನ ಬೇವಿನ ಗಿಡ ಎಲ್ಲಾ ಧಗಧಗ ಉರಿಯಾಕತ್ತಾವ.

ಸುಳ್ಳು. ಕುಂದ್ರು, ನೀರ ಕುಡಿ. ನಿಮ್ಮ ಆಯಿ ಹಿಂದ ನಿಂತು ಓದಿ, "ಎಂಬತ್ತಕ್ಕ ಬಂದ್ರೂ ನಿಮ್ಮ ಚೇಷ್ಟಿ ಹೋಗಲಿಲ್ಲಲ್ರೀ" ಅಂತ ಹಣಿ ಬಡಕೊಂಡ್ಳು. ನಿನ್ನ ಆರಾಮ ಹೆಂಗೈತಿ? ಧಾರವಾಡದ ಥಂಡಿಗೆ ಕೆಮ್ಮು ಎದ್ದಿಲ್ಲಲಾ? ಹೆಸರು ಶೀತಲ ಐತಿ ಅಂತ ಸ್ವೆಟರ್ ಇಲ್ಲದ ಲ್ಯಾಬಿಗೆ ಹೋಗಬ್ಯಾಡ. ನಿಮ್ಮ ಆಯಿಗೆ ಮೊಣಕಾಲ ಕಾಟ, ನನಗ ನಿಮ್ಮ ಆಯಿ ಕಾಟ, ಉಳಿದದ್ದೆಲ್ಲಾ ಛಲೋ.

ಮೂಗಿಂದು ಮಾತ್ರ ಛಲೋ ಇಲ್ಲ. ಮ್ಯಾಲಿನ ಕಲ್ಲ ಒಡೆಯೂ ಖಡಿ ಮಷೀನಿನವ್ರ ಡೀಸೆಲ್ ಟಾಕಿ ಎರಡು ವರ್ಷ ನೆಲದಾಗ ಸೋರಿ, ನಮ್ಮ ಎರಿ ಮಣ್ಣ ಕೆಡಿಸಿ, ಬಾವಿ ನೀರಿನ ಮ್ಯಾಲೆ ಕಾಮನಬಿಲ್ಲ ಹಾಸಿತ್ತಲ್ಲ, ಅದರ ವಾಸನಿ ಇನ್ನೂ ಮೂಗಿನಾಗ ಕುಂತೈತಿ. ಮಾಲಕ ದುಂಡಪ್ಪಗ ಕೇಳಾಕ ಹೋದ್ರ, "ಕಾಕಾ, ನೆಲಾನ ಕುಡದ್ರ ನಾ ಏನ ಮಾಡ್ಲಿ" ಅಂತ ಹಲ್ಲ ಕಿಸದ. ಆ ನಗೀಗೂ ಡೀಸೆಲ್ ವಾಸನಿ ಬಡೀತು. ಆವತ್ತಿಂದ ಅವರ ಮನಿ ಚಾ ಬಿಟ್ಟೇನಿ.

ನೀ ಬಂದು ಬಾವಿ ದಂಡಿ ಮಣ್ಣ ಅಗಸಿ, ತಾಡಪತ್ರಿ ಮ್ಯಾಲೆ ಗುಂಪಿ ಹಾಕಿಸಿ, ಸಗಣಿ ನೀರಿನ ಕೂಡ ನಿಮ್ಮ ಲ್ಯಾಬಿನ ಎಣ್ಣಿ ತಿನ್ನೂ ಸೂಕ್ಷ್ಮಜೀವಿ ಸುರದಿ. "ಎಣ್ಣಿ ಹಾಕೂ ಜೀವಿ ನಮ್ಮೂರಾಗ ಸಂಜಿ ಆದ್ರ ರಗಡ ಸಿಗತಾವ, ಧಾರವಾಡದಿಂದ ಯಾಕ ತಂದಿ" ಅಂದ್ರ ನೀ ನಗಲಿಲ್ಲ. "ಅಜ್ಜಾ, ಇವಕ್ಕೂ ಉಸರು ಬೇಕು. ಪ್ರತಿ ಸೋಮವಾರ ಗುಂಪಿ ತಿರುವಿ ಹಾಕು, ಬಾವಿ ನೀರ ಎತ್ತಿ ಅದರ ಮ್ಯಾಲೆ ಹೊಡಿ, ಎರಡೂ ಸ್ವಚ್ಛ ಆಗತಾವ. ಬಿಟ್ರ ಸಾಯತಾವ" ಅಂದಿ. ನಾಕ ತಿಂಗಳಿಗೆ ಗುಂಪಿ ಮಣ್ಣ ಬಾಟ್ಲ್ಯಾಗ ತುಂಬಿ ಕಳಸು ಅಂದಿ. ಅದರಾಗ ಎಣ್ಣಿ ಇಲ್ಲಂದ್ರ ಮಣ್ಣ ವಾಪಸ್ ಬಾವಿ ದಂಡಿಗೆ, ಬಾವಿ ನೀರು ಮತ್ತ ಬಳಕಿಗೆ.

ಸಗಣಿ, ಡೀಸೆಲ್ ಕೂಡಿದ ನಾತ ನಿನಗ ಗೊತ್ತಿಲ್ಲ. ಕೊಳತ ತತ್ತಿ ಮುಂದ ಊಟಕ್ಕ ಕುಂತಂಗ. ಅದರಾಗ ನೀ ಹಿಡದದ್ದು ಸೋಮವಾರ. ಬಸವಣ್ಣನ ವಾರ ಅದು. ನಮ್ಮ ಮನ್ಯಾಗ ಆವತ್ತ ಎತ್ತಿನ ಹೆಗಲಿಗೆ ನೊಗ ಬಿದ್ದಿಲ್ಲ, ಸಲಕಿ ಮಣ್ಣ ಮುಟ್ಟಿಲ್ಲ. ಕಲತ ಹುಡುಗಿ ಮುಂದ ಇದನ್ನ ಹೆಂಗ ಹೇಳೂದು ಅಂತ ಹೂಂ ಅಂದಿದ್ನಿ.

ಮೊನ್ನಿ ನಾ ಕಳಿಸಿದ ಬಾಟ್ಲಿ ಮಣ್ಣಿಂದು ನಿನ್ನ ರಿಪೋರ್ಟ್ ಬಂತು, ಎಣ್ಣಿ ಇಲ್ಲಂತ. ರವಿವಾರ ನೀ ಬಂದು ಬಾವಿ ಬಿಟ್ಟುಕೊಡತಿ ಅಂತ ಕೇಳಿ ಬಾಜು ಹೊಲದ ಬಾಯವ್ವ ಹೊಸಾ ಹಗ್ಗಾನ ತಂದಾಳ. ಎರಡು ವರ್ಷ ಹಳ್ಳದಿಂದ ನೀರ ಹೊತ್ತಾಕಿ. "ಗೌಡ್ರ, ರವಿವಾರ ಇದ ನೀರಿಲೆ ನನ್ನ ಮೊಮ್ಮಗಳಿಗೆ ಎರೀತೇನ್ರಿ, ಅನ್ನಕ್ಕ ಎಸರೂ ಇದ ನೀರಿಂದ" ಅಂದ್ಳು. ನಾ ಚೇಷ್ಟಿ ಮಾಡಲಿಲ್ಲ. ಎದ್ದು ಸೀದಾ ಗುಂಪಿ ಕಡೆ ನಡದ್ನಿ.

ನಿಮ್ಮ ಆಯಿ ಶೇಂಗಾ ಚಟ್ನಿ ಕಳಸ್ಯಾಳ, ಗೆಳತ್ಯಾರಿಗೂ ಕೊಡು. ನೂರು ವರ್ಷ ಸುಖವಾಗಿರು, ನನ್ನಂಥ ಅಜ್ಜ ಒಬ್ಬನ ಸಾಕು.

ನಿನ್ನ ಅಜ್ಜ,
ಮಡಿವಾಳೆಪ್ಪ

ತಾ.ಕ.: ಬಸ್ ಬರೂ ಹೊತ್ತಾತು, ಲಗೂ ಬರೀತೇನಿ. ಪತ್ರ ತಂದ ಕಲ್ಮೇಶನ ಕೈಯಾಗ ಒಂದು ಬಾಟ್ಲಿ ಐತಿ. ಮುಚ್ಚಳ ತಗದು ಮೂಸು. ಗುಂಪಿಯ ಖರೇ ಮಣ್ಣು ಅದು. ಎರಡ ಸಲ ತಿರುವಿ ಕೈ ಬಿಟ್ನಿ, ಈಗ ಕಲ್ಲಾಗೈತಿ. ಮಂಗಳವಾರ ತಿರುವಬಹುದಿತ್ತು, ಯಾರೂ ಬ್ಯಾಡ ಅಂದಿರಲಿಲ್ಲ. ಸೋಮವಾರ ಬರೇ ನೆವ, ನನಗ ಹೇಸಿಗಿ ಬಂದಿತ್ತು. ಈಗ ಆ ಗುಂಪೀಗಿಂತ ನನ್ನ ಮ್ಯಾಲೆ ಹೆಚ್ಚ ಹೇಸಿಗಿ ಐತಿ. ನೀರ ಇನ್ನೂ ಕೆಟ್ಟದ್ದ ಐತಿ ಅಂತ ಬಾಯವ್ವಗ ಇವತ್ತ ಮುಂಜಾನೆ ಹೇಳಿದ್ನಿ. "ನಿಮ್ಮ ಚೇಷ್ಟಿ ಸಾಕ್ರಿ ಗೌಡ್ರ" ಅಂದು ನಕ್ಕೋತ ಗಡಗಡಿಗೆ ಹಗ್ಗ ಹಾಕಾಕ ಹೋದ್ಳು. ಫೋನಿನ್ಯಾಗ ಹೇಳಿದ್ರ ನೀನೂ ಚೇಷ್ಟಿ ಅಂತ ನಗತಿದ್ದಿ, ಅದಕ್ಕ ಬಾಟ್ಲಿ. ರವಿವಾರದ ಒಳಗ ಬಂದು ನಿನ್ನ ಬಾಯಿಲೆ ಆಕಿಗೆ ಹೇಳು. ಅಲ್ಲೀತನಾ ನಾ ಬಾವಿ ಕಟ್ಟಿ ಬಿಟ್ಟು ಏಳೂದಿಲ್ಲ. ಮೊದಲು ಕಳಿಸಿದ ಮಣ್ಣು ನಮ್ಮ ಹಿತ್ತಲದ ಬದನಿ ಗಿಡದ ಮಡ್ಯಾಂದು. ತುಂಬಿದಾವ ನಾನ.