ಪಿಳ್ಳಪ್ಪನವರ ಹೆಸರಿನ ಕಣಜ

ಬಂಗಾರಪೇಟೆ, ಬುಧವಾರ

ಅತ್ತಿಗೆಗೆ ನಮಸ್ಕಾರ.

ಇಲ್ಲಿಯ ಒಂದು ಕಣಜದ ಕತೆ ಕೇಳಿ. ಇದನ್ನು ಮೊದಲು ಹೇಳಿದ್ದು ಹುಳುಗಳ ಸಂಶೋಧನೆ ಮಾಡುವ ಸುಮಿತಾ, ಮೊನ್ನೆ ಸೋಮವಾರ ಸಂಜೆ, ಇಲ್ಲೇ ಪಕ್ಕದ ಹಳ್ಳಿಯ ಅಂಜನಮ್ಮನ ಕೋಸಿನ ತೋಟದಲ್ಲಿ. ಅಲ್ಲಿ ಉದ್ದ ಬಾಲದ ಒಂದು ಕಣಜದ ಹುಳು ಸಿಕ್ಕಿದೆ. ಈ ಬಳಗದಲ್ಲಿ ಸಾವಿರಾರು ಜಾತಿಗಳಿದ್ದು, ರೆಕ್ಕೆಯ ನರ ನೋಡಿ ಗುರುತಿಸುತ್ತಾರಂತೆ. ಇದು ಯಾವುದಕ್ಕೂ ಹೊಂದದ ಹೊಸ ಜಾತಿ, ಹೆಸರಿಡಬೇಕು ಅಂದಳು. ಇಲ್ಲಿ ಚುನಾವಣೆ ಹತ್ತಿರ ಬಂದಿದೆ. ಅಲ್ಲೇ ನಿಂತಿದ್ದ ಪಂಚಾಯ್ತಿ ಮೆಂಬರ್ ಪಿಳ್ಳಪ್ಪ ಹೆಗಲ ಟವೆಲ್ ಸರಿಮಾಡಿಕೊಂಡು, “ನನ್ನೆಸ್ರೇ ಇಡಮ್ಮ, ಪ್ರಪಂಚೆಲ್ಲ ಓದ್ಲಿ. ಫ್ಲೆಕ್ಸಿಗೂ ಏಳಿಬಿಡ್ತೀನಿ” ಅಂದರು.

ಆಮೇಲೆ ಸುಮಿತಾ ಅದರ ಬದುಕನ್ನು ವಿವರಿಸಿದಳು. ಅದು ಬಾಲವಲ್ಲ, ಸೂಜಿ. ಕೋಸು ತಿನ್ನುವ ಹಸಿರು ಹುಳುವಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿ ಆ ಹುಳುವನ್ನು ಒಳಗಿನಿಂದಲೇ ತಿನ್ನುತ್ತದೆ, ಜೀವ ಹಿಡಿದಿಡುವ ಭಾಗಗಳನ್ನು ಮಾತ್ರ ಕೊನೆಗೆಂದು ಉಳಿಸಿಕೊಂಡು. ಪಾಪ, ಹುಳು ತನ್ನ ಹೊಟ್ಟೆಗೇ ಅಂದುಕೊಂಡು ಮೇಯುತ್ತಲೇ ಇರುತ್ತದೆ.

“ಅಯ್ಯೋ, ಬ್ಯಾಡಮ್ಮ! ಎದುರು ಪಾರ್ಟಿ ದ್ಯಾವಣ್ಣನ ಎಸ್ರಿಡು” ಅಂದರು ಪಿಳ್ಳಪ್ಪ.

“ಯಾಕಣ್ಣೋ, ನಿಮ್ದೇ ಸರ್ಯಾಗಿ ಒಪ್ತೈತೆ” ಅಂದಳು ಅಂಜನಮ್ಮ.

ನನ್ನ ಮಂಡಿನೋವು ಇಳಿದಿದೆ, ಎಣ್ಣೆ ಕಳಿಸಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಮಾರನೆಯ ಬೆಳಿಗ್ಗೆ, ಕತೆ ಕೇಳಿದ್ದ ಎರಡೂ ಪಾರ್ಟಿಯವರು ಒಂದೇ ಆಟೋದಲ್ಲಿ ಬಂದು, ಪಿಳ್ಳಪ್ಪನವರ ಹೆಸರನ್ನೇ ಇಡಬೇಕೆಂದು ಸುಮಿತಾಳನ್ನು ಬೇಡಿಕೊಂಡರು. ಆಟೋ ಬಾಡಿಗೆ ಕೊಟ್ಟವನು ಪಿಳ್ಳಪ್ಪನವರ ಸ್ವಂತ ತಮ್ಮ.

ನಿಮ್ಮ ಮೈದುನ,
ಕೊಟ್ರೇಶ